ಬೆಲ್ಲದ ಒಲೆಯಲ್ಲಿ ಶಾಖದ ಸಂಚಾರ

ಕಬ್ಬು ಬೆಳೆಯುವ ಸೀಮೆಯಲ್ಲಿ ಆಲೆಮನೆಯ ಉರಿಯನ್ನು ನೋಡದ ರೈತನಿಲ್ಲ. ಆದರೆ ಅಕ್ಕಪಕ್ಕದ ಎರಡು ಆಲೆಮನೆಗಳನ್ನು ಹೋಲಿಸಿ ನೋಡುವವರಿಗೆ ಒಂದು ವಿಶೇಷವು ಕಂಡುಬರುವುದುಂಟು. ಒಂದರಲ್ಲಿ ಗಾಣದಿಂದ ಬಂದ ಸಿಪ್ಪೆಯಿಂದಲೇ ಹಾಲೆಲ್ಲವೂ ಕುದಿದು ಬೆಲ್ಲವಾಗಿ, ಆಲೆಯ ಕಾಲ ಮುಗಿಯುವ ಹೊತ್ತಿಗೆ ಸಿಪ್ಪೆಯ ಮೆದೆಯೊಂದು ಮಿಕ್ಕಿರುತ್ತದೆ. ಇನ್ನೊಂದರಲ್ಲಿ ಸಿಪ್ಪೆಯೂ ಸಾಲದೆ, ಗದ್ದೆಯ ತರಗೂ ಸಾಲದೆ, ಸೌದೆಯನ್ನು ಕ್ರಯಕ್ಕೆ ತರಬೇಕಾಗುತ್ತದೆ. ಕಬ್ಬಿನ ಜಾತಿಯೂ ಒಂದೇ, ಕೊಪ್ಪರಿಗೆಯ ಅಳತೆಯೂ ಒಂದೇ. ಹಾಗಿರುವಲ್ಲಿ ಎರಡನೆಯ ಒಲೆಯಲ್ಲಿ ಉರಿದುಹೋದ ಸಿಪ್ಪೆಯ ಫಲವು ಎಲ್ಲಿಗೆ ಹೋಯಿತು? ಶಾಖವೆಂದರೇನು, ಅದು ಒಂದೆಡೆಯಿಂದ ಇನ್ನೊಂದೆಡೆಗೆ ಯಾವ ಮಾರ್ಗಗಳಿಂದ ಸಾಗುತ್ತದೆ ಎಂಬುದನ್ನು ತಿಳಿದರೆ ಈ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ಶಾಖವೂ ಶಕ್ತಿಯೂ

ಬಹುಕಾಲದವರೆಗೆ ಪಾಶ್ಚಾತ್ಯ ವಿದ್ವಾಂಸರಲ್ಲಿ ಅನೇಕರು ಶಾಖವನ್ನು ಕಣ್ಣಿಗೆ ಕಾಣದ, ತೂಕವಿಲ್ಲದ ಒಂದು ದ್ರವವೆಂದು ಭಾವಿಸಿದ್ದರು. ರಂಫರ್ಡ್ ಎಂಬ ವಿಜ್ಞಾನಿಯು ಜರ್ಮನಿಯ ಮ್ಯೂನಿಕ್ ನಗರದ ಆಯುಧಶಾಲೆಯಲ್ಲಿ ಫಿರಂಗಿಗಳನ್ನು ಕೊರೆಯುವಾಗ ಲೋಹವು ವಿಪರೀತವಾಗಿ ಕಾಯುವುದನ್ನು ಕಂಡು, ಅದರ ಪರೀಕ್ಷೆಗೆ ತೊಡಗಿದನು. ಮೊಂಡಾದ ಬೈರಿಗೆಯನ್ನು ಲೋಹಕ್ಕೆ ಒತ್ತಿಟ್ಟು, ಸುತ್ತಲೂ ನೀರು ತುಂಬಿದ ಪೆಟ್ಟಿಗೆಯನ್ನಿರಿಸಿ, ಕುದುರೆಗಳಿಂದ ಯಂತ್ರವನ್ನು ತಿರುಗಿಸಲು, ಎರಡೂವರೆ ಗಂಟೆಯ ಹೊತ್ತಿಗೆ ಬೆಂಕಿಯ ಸೋಂಕೇ ಇಲ್ಲದೆ ಆ ನೀರು ಕುದಿಯಿತು. 1798ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ತಿಕ್ಕುವಷ್ಟು ಕಾಲವೂ ಶಾಖವು ಹುಟ್ಟುತ್ತಲೇ ಇರುವುದೆಂದೂ, ಲೋಹದೊಳಗೆ ಮೊದಲೇ ತುಂಬಿದ್ದ ದ್ರವವು ಅದಾಗಿರಲಾರದೆಂದೂ ವಿಶದವಾಯಿತು. ಎಣ್ಣೆಯಿಲ್ಲದ ಗಾಣದ ಅಚ್ಚು ಕೈಸುಡುವಂತೆ ಕಾಯುವುದನ್ನು ಬಲ್ಲ ರೈತನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಮುಂದೆ 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬಾತನು, ಎಷ್ಟು ಕೆಲಸಕ್ಕೆ ಎಷ್ಟು ಶಾಖವು ಸಮವೆಂಬುದನ್ನು ಅಳೆದನು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿಸಲು ಬೇಕಾಗುವ ಶಾಖಕ್ಕೆ ಒಂದು ಕಿಲೋಕ್ಯಾಲೊರಿ ಎಂದು ಹೆಸರು. ಈ ಒಂದು ಕಿಲೋಕ್ಯಾಲೊರಿಯು ಸುಮಾರು 427 ಕಿಲೋಗ್ರಾಂ ಭಾರವನ್ನು ಒಂದು ಮೀಟರು ಎತ್ತರಕ್ಕೆ ಎತ್ತುವ ಕೆಲಸಕ್ಕೆ ಸಮನಾದುದು. ಹೀಗೆ ಎತ್ತಿನ ದುಡಿಮೆ, ಬೀಳುವ ನೀರಿನ ಒತ್ತಡ, ಉರಿಯುವ ಸಿಪ್ಪೆಯ ಶಾಖ, ಇವೆಲ್ಲವೂ ಶಕ್ತಿಯೆಂಬ ಒಂದೇ ವಸ್ತುವಿನ ಬೇರೆಬೇರೆ ವೇಷಗಳು. ಶಕ್ತಿಯು ನಾಶವಾಗದು, ಒಂದು ವೇಷವನ್ನು ಬಿಟ್ಟು ಇನ್ನೊಂದನ್ನು ತೊಡುತ್ತದೆ. ಆದಕಾರಣ ಒಲೆಯಲ್ಲಿ ಹುಟ್ಟಿದ ಶಾಖವು ಕೊಪ್ಪರಿಗೆಯ ಹಾಲನ್ನು ಸೇರದಿದ್ದರೆ ಬೇರೆ ಯಾವುದೋ ಸ್ಥಳವನ್ನು ಸೇರಿಯೇ ಇರಬೇಕು. ಲೆಕ್ಕ ಬಲ್ಲ ಗೃಹಸ್ಥನು ಮನೆಯ ಖರ್ಚನ್ನು ಪರಿಶೀಲಿಸುವಂತೆ ಈ ಶಾಖದ ಖರ್ಚನ್ನೂ ಪರಿಶೀಲಿಸಬಹುದು.

ಹಾಲಿಗೆ ಬೇಕಾಗುವ ಶಾಖ

ಉಷ್ಣತೆಯೂ ಶಾಖವೂ ಒಂದೇ ಅಲ್ಲ. ಒಂದು ಚೊಂಬು ಕುದಿಯುವ ನೀರಿಗೂ ಒಂದು ಕೊಪ್ಪರಿಗೆ ಕುದಿಯುವ ನೀರಿಗೂ ಉಷ್ಣತೆಯು ಸಮವಾಗಿದ್ದರೂ ಶಾಖದ ಪ್ರಮಾಣದಲ್ಲಿ ಬಹಳ ಅಂತರವಿದೆ. ಇದಲ್ಲದೆ, ನೀರು ಕುದಿಯಲಾರಂಭಿಸಿದ ಮೇಲೆ ಎಷ್ಟೇ ಉರಿ ಹಾಕಿದರೂ ಅದರ ಉಷ್ಣತೆಯು ಏರುವುದಿಲ್ಲ. ಆಗ ಒಳಸೇರುವ ಶಾಖವೆಲ್ಲವೂ ನೀರನ್ನು ಆವಿಯನ್ನಾಗಿ ಮಾರ್ಪಡಿಸುವುದರಲ್ಲಿಯೇ ವೆಚ್ಚವಾಗುತ್ತದೆ. ಉಷ್ಣಮಾಪಕದಲ್ಲಿ ಕಾಣಿಸಿಕೊಳ್ಳದ ಈ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. 25 ಡಿಗ್ರಿಯ ಒಂದು ಕಿಲೋಗ್ರಾಂ ನೀರನ್ನು 100 ಡಿಗ್ರಿಗೆ ಏರಿಸಲು 75 ಕಿಲೋಕ್ಯಾಲೊರಿ ಸಾಕು; ಹಾಗೆ ಕುದಿಬಂದ ನೀರನ್ನು ಪೂರ್ತಿಯಾಗಿ ಆವಿಮಾಡಲು ಸುಮಾರು 540 ಕಿಲೋಕ್ಯಾಲೊರಿ ಬೇಕು. ಎಂದರೆ ಕುದಿಸುವುದಕ್ಕಿಂತ ಬತ್ತಿಸುವುದಕ್ಕೆ ಏಳು ಪಾಲಿಗೂ ಹೆಚ್ಚು ಶಾಖವು ತಗಲುತ್ತದೆ. ಬೆಲ್ಲ ಕಾಯಿಸುವುದೆಂದರೆ ಮುಖ್ಯವಾಗಿ ನೀರನ್ನು ಬತ್ತಿಸುವುದೇ ಆಗಿದೆ.

100 ಕಿಲೋಗ್ರಾಂ ಹಾಲಿನಿಂದ ಸುಮಾರು 20 ಕಿಲೋಗ್ರಾಂ ಬೆಲ್ಲವಾಗುವುದೆಂದು ಇಟ್ಟುಕೊಂಡರೆ 80 ಕಿಲೋಗ್ರಾಂ ನೀರು ಆವಿಯಾಗಿ ಹೋಗಬೇಕು. ಹಾಲನ್ನು ಕುದಿಗೆ ತರಲು ಸುಮಾರು 7,000, ನೀರನ್ನು ಬತ್ತಿಸಲು 43,000, ಒಟ್ಟು 50,000 ಕಿಲೋಕ್ಯಾಲೊರಿ ಶಾಖವು ಬೇಕಾಗುತ್ತದೆ. ಇದು ಎಷ್ಟೆಂಬುದು ಎತ್ತಿನ ದುಡಿಮೆಗೆ ಹೋಲಿಸಿದರೆ ಮನಸ್ಸಿಗೆ ನಾಟುವುದು. ಒಂದು ಜೊತೆ ಎತ್ತುಗಳು ಒಂದು ಅಶ್ವಶಕ್ತಿಯಂತೆ ಎಡೆಬಿಡದೆ ದುಡಿದು, ಆ ದುಡಿಮೆಯೆಲ್ಲವೂ ರಂಫರ್ಡನ ಯಂತ್ರದಲ್ಲಿ ಆದಂತೆ ಶಾಖವಾಗಿ ಮಾರ್ಪಟ್ಟರೆ, ಒಂದೇ ಒಂದು ಕಿಲೋಗ್ರಾಂ ಕುದಿನೀರನ್ನು ಬತ್ತಿಸಲು ಸುಮಾರು 50 ನಿಮಿಷಗಳು ಬೇಕು. 80 ಕಿಲೋಗ್ರಾಮಿಗೆ ದಿನಕ್ಕೆ 8 ಗಂಟೆಯಂತೆ ಎಂಟು ದಿನಗಳಿಗೂ ಮೀರಿ ಹಿಡಿಯುವುದು. ಅಂತಹ ಕೆಲಸವನ್ನು ಒಲೆಯ ಉರಿಯು ಕೆಲವೇ ಗಂಟೆಗಳಲ್ಲಿ ಮಾಡಿ ಮುಗಿಸುತ್ತದೆ. ಉರಿಯನ್ನು ಪೋಲುಮಾಡುವುದು ಎತ್ತುಗಳನ್ನು ಬರಿದೇ ಸುತ್ತಿಸಿದುದಕ್ಕೆ ಸಮಾನವೆಂದು ಇದರಿಂದ ತಿಳಿಯಬಹುದು.

ಸಿಪ್ಪೆಯಲ್ಲಿರುವ ಶಾಖ

ಇನ್ನು ಜಮೆಯ ಕಡೆಯ ಲೆಕ್ಕ. 100 ಕಿಲೋಗ್ರಾಂ ಹಾಲು ಬರಬೇಕಾದರೆ ಸಾಧಾರಣ ಗಾಣದಲ್ಲಿ ಸುಮಾರು 160 ಕಿಲೋಗ್ರಾಂ ಕಬ್ಬನ್ನು ಅರೆಯಬೇಕು. ಉಳಿಯುವ 60 ಕಿಲೋಗ್ರಾಂ ಹಸಿ ಸಿಪ್ಪೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ನೀರು. ಚೆನ್ನಾಗಿ ಒಣಗಿದ ಮೇಲೆ ಅದು 33 ಕಿಲೋಗ್ರಾಂನಷ್ಟಾಗುತ್ತದೆ. ಅಂತಹ ಒಣ ಸಿಪ್ಪೆಯು ಕಿಲೋಗ್ರಾಮಿಗೆ ಸುಮಾರು 3,500 ಕಿಲೋಕ್ಯಾಲೊರಿಯಂತೆ ಒಟ್ಟು 1,15,000 ಕಿಲೋಕ್ಯಾಲೊರಿ ಶಾಖವನ್ನು ಕೊಡಬಲ್ಲದು. ಬೇಕಾದುದು 50,000, ಇರುವುದು 1,15,000. ಒಲೆಯು ಐದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚನ್ನು ಹಾಲಿಗೆ ಮುಟ್ಟಿಸಿದರೂ ಸಿಪ್ಪೆಯು ಸಾಕಾಗುತ್ತದೆ. ಅರ್ಧವನ್ನು ಮುಟ್ಟಿಸಿದರೆ ಸಿಪ್ಪೆಯು ಮಿಗುತ್ತದೆ. ಒಣ ಸಿಪ್ಪೆಯಿದ್ದೂ ಸೌದೆಯನ್ನು ಕೊಳ್ಳುವ ಆಲೆಮನೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಶಾಖವು ಹಾಲಿಗೆ ಮುಟ್ಟದೆ ಹೋಗುತ್ತಿದೆಯೆಂಬುದು ನಿಶ್ಚಯ.

ಶಾಖವು ಸಾಗುವ ಮೂರು ಮಾರ್ಗಗಳು

ಶಾಖವು ಯಾವಾಗಲೂ ಬಿಸಿಯಾದ ಪದಾರ್ಥದಿಂದ ತಣ್ಣನೆಯ ಪದಾರ್ಥದ ಕಡೆಗೆ ಸಾಗುತ್ತದೆ. ಅದು ಸಾಗುವ ಮಾರ್ಗಗಳು ಮೂರು: ವಹನ, ಸಂವಹನ ಮತ್ತು ವಿಕಿರಣ. ಬೆಲ್ಲದ ಒಲೆಯಲ್ಲಿ ಈ ಮೂರನ್ನೂ ಪ್ರತ್ಯಕ್ಷವಾಗಿ ಕಾಣಬಹುದು.

ವಹನ: ಕಬ್ಬಿಣದ ಸೌಟಿನ ಒಂದು ತುದಿಯು ಪಾಕದಲ್ಲಿದ್ದರೆ ಕ್ರಮೇಣ ಹಿಡಿಯೂ ಕಾಯುತ್ತದೆ. ಪದಾರ್ಥದ ಕಣಗಳು ಸ್ಥಳವನ್ನು ಬಿಡದೆ, ಸಾಲಾಗಿ ನಿಂತ ಆಳುಗಳು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಂತೆ, ಶಾಖವನ್ನು ಮುಂದಕ್ಕೆ ದಾಟಿಸುವುದೇ ವಹನ. ಲೋಹಗಳು ಈ ಕೆಲಸದಲ್ಲಿ ಚುರುಕು. ಇಟ್ಟಿಗೆ, ಮರ, ಮಸಿ, ಒಣ ಬೂದಿ ಇವು ಬಹಳ ಮಂದ. ಅಲುಗಾಡದ ಗಾಳಿಯು ಮತ್ತೂ ಮಂದ. ತಾಮ್ರವು ಕಬ್ಬಿಣದ ಐದರಷ್ಟು ಶಾಖವನ್ನು ದಾಟಿಸಬಲ್ಲದಾದರೂ, ಕೊಪ್ಪರಿಗೆಯ ತಗಡು ತೆಳುವಾದುದರಿಂದ ಕಬ್ಬಿಣವು ಇಲ್ಲಿ ದೊಡ್ಡ ಅಡ್ಡಿಯಾಗುವುದಿಲ್ಲ. ನಿಜವಾದ ಅಡ್ಡಿಯು ತಗಡಿನ ಎರಡು ಮೈಗಳ ಮೇಲಿರುತ್ತದೆ. ಕೆಳಗೆ ಅಂಟಿದ ಮಸಿಯು ಕಬ್ಬಿಣಕ್ಕಿಂತ ಹಲವು ನೂರು ಪಾಲು ಮಂದವಾದುದು. ಆದುದರಿಂದ ಮಸಿಯ ತೆಳುವಾದ ಲೇಪವೂ ದಪ್ಪವಾದ ಕಬ್ಬಿಣದ ಹಲಗೆಗಿಂತ ಹೆಚ್ಚು ಅಡ್ಡಿಯಾಗುತ್ತದೆ. ಒಳಗಡೆ ತಳದಲ್ಲಿ ಕಚ್ಚಿದ ಮಡ್ಡಿಯದೂ ಇದೇ ಗುಣ. ಕೊಪ್ಪರಿಗೆಯನ್ನು ಬದಲಿಸಲು ಹಣವಿಲ್ಲದವನು ಅದನ್ನು ಎರಡೂ ಕಡೆ ಕೆರೆದು ಶುಚಿಮಾಡಿದರೆ ಬಹುಮಟ್ಟಿಗೆ ಅದೇ ಫಲವನ್ನು ಪಡೆಯಬಹುದು.

ಒಲೆಯ ಗೋಡೆಯಲ್ಲಾದರೋ ವಹನವು ನಷ್ಟದ ದಾರಿ. ಭೂಮಿಯಲ್ಲಿ ತೋಡಿದ ಒಲೆಯ ಸುತ್ತಣ ಮಣ್ಣು ಒಣಗಿದ್ದರೆ ಶಾಖವನ್ನು ತಡೆಯುತ್ತದೆ. ಅದೇ ಮಣ್ಣು ನೆನೆದರೆ ಹರಳುಗಳ ನಡುವಣ ಗಾಳಿಯ ಜಾಗದಲ್ಲಿ ನೀರು ನಿಂತು, ಶಾಖವು ಹಲವು ಪಾಲು ಸುಲಭವಾಗಿ ಹರಿದುಹೋಗುತ್ತದೆ. ತೊಳೆದ ನೀರು ಒಲೆಯ ಬುಡಕ್ಕೆ ಇಳಿಯುವಂತಹ ಸ್ಥಳದಲ್ಲಿ ಒಲೆಯನ್ನು ಕಟ್ಟಬಾರದೆಂಬುದಕ್ಕೆ ಇದೇ ಕಾರಣ.

ಸಂವಹನ: ದ್ರವಗಳಲ್ಲಿಯೂ ಗಾಳಿಯಲ್ಲಿಯೂ ಬಿಸಿಯಾದ ಭಾಗವು ಹಿಗ್ಗಿ ಹಗುರವಾಗಿ ಮೇಲೇರುತ್ತದೆ, ತಣ್ಣನೆಯ ಭಾಗವು ಆ ಸ್ಥಳಕ್ಕೆ ಇಳಿಯುತ್ತದೆ. ಹೀಗೆ ಪದಾರ್ಥವೇ ಶಾಖವನ್ನು ಹೊತ್ತು ಚಲಿಸುವುದು ಸಂವಹನ. ತೆಳುವಾದ ಹಸಿ ಹಾಲು ಕೊಪ್ಪರಿಗೆಯಲ್ಲಿ ತಾನಾಗಿಯೇ ತಿರುಗಾಡಿ ಸಮನಾಗಿ ಕಾಯುತ್ತದೆ. ಪಾಕವು ಮಂದವಾದಂತೆ ಈ ತಿರುಗಾಟವು ಕುಂದುತ್ತದೆ. ತಳಕ್ಕೆ ಅಂಟಿದ ಪಾಕವು ಅಲ್ಲಿಯೇ ನಿಂತು, ಮೇಲಿನ ಪಾಕವು ಹದಕ್ಕೆ ಬರುವ ಮೊದಲೇ ಸೀದು, ಬೆಲ್ಲಕ್ಕೆ ಕಪ್ಪು ಬಣ್ಣವೂ ಕಹಿಯೂ ಬರುತ್ತವೆ. ಆದಕಾರಣ ಕೊನೆಯ ಘಟ್ಟದಲ್ಲಿ ಉರಿಯನ್ನು ತಗ್ಗಿಸಿ, ತಳವನ್ನು ಮುಟ್ಟುವಂತೆ ಎಡೆಬಿಡದೆ ಕೈಯಾಡಿಸಬೇಕು. ಅನುಭವಸ್ಥರಾದ ಪಾಕದವರು ಹೇಳುವ ಮಾತೂ ಇದೇ. ಪಾಕವು ತಾನೇ ತಿರುಗದಿರುವಾಗ ಮನುಷ್ಯನ ಕೈಯು ಅದನ್ನು ತಿರುಗಿಸಬೇಕು.

ಹೊಗೆಗೂಡಿನ ಕೆಲಸವೂ ಸಂವಹನದಿಂದಲೇ ನಡೆಯುತ್ತದೆ. 300 ಡಿಗ್ರಿಯಷ್ಟು ಬಿಸಿಯಾದ ಹೊಗೆಯು ಹೊರಗಿನ ಗಾಳಿಯ ಸುಮಾರು ಅರ್ಧದಷ್ಟೇ ತೂಗುತ್ತದೆ. ಗೂಡಿನೊಳಗಿನ ಈ ಹಗುರವಾದ ಕಂಬವನ್ನು ಹೊರಗಿನ ಭಾರವಾದ ಗಾಳಿಯು ಮೇಲಕ್ಕೆ ತಳ್ಳಿ, ತಾನು ಒಲೆಯೊಳಕ್ಕೆ ನುಗ್ಗುತ್ತದೆ. ಗೂಡು ಎತ್ತರವಾದಷ್ಟೂ ಸೆಳೆತವು ಹೆಚ್ಚು.

ವಿಕಿರಣ: ಉರಿ ಹಾಕುವ ಆಳು ಒಲೆಯ ಬಾಯಿಗೆ ಎದುರಾಗಿ ಕುಳಿತರೆ ಅವನ ಮುಖವು ಸುಡುತ್ತದೆ, ಬೆನ್ನು ತಣ್ಣಗಿರುತ್ತದೆ. ಮುಖಕ್ಕೆ ಒಂದು ಮೊರವನ್ನು ಅಡ್ಡ ಹಿಡಿದ ಕ್ಷಣದಲ್ಲಿಯೇ ಸುಡುವುದು ನಿಲ್ಲುತ್ತದೆ. ನಡುವಣ ಗಾಳಿಯು ಒಲೆಯ ಕಡೆಗೇ ಬೀಸುತ್ತಿದ್ದರೂ ಶಾಖವು ಮುಖವನ್ನು ಮುಟ್ಟುತ್ತಿತ್ತು. ಆದುದರಿಂದ ಅದನ್ನು ಗಾಳಿಯು ಹೊತ್ತು ತಂದುದಲ್ಲ. ಇದು ಬೆಳಕಿನಂತೆಯೇ ತರಂಗಗಳ ರೂಪದಲ್ಲಿ ನೇರವಾಗಿ ಬರುವ ಶಾಖ. ಕೆರೆಗೆ ಕಲ್ಲೆಸೆದಾಗ ನೀರು ಇದ್ದೆಡೆಯಲ್ಲಿಯೇ ಏರಿಳಿಯುತ್ತ ಅಲೆಯು ಮಾತ್ರ ದಡದವರೆಗೆ ಸಾಗಿ, ಅಲ್ಲಿ ತೇಲುವ ಎಲೆಯನ್ನು ಅಲುಗಿಸುತ್ತದೆ. ಅಲೆಯು ಪದಾರ್ಥವನ್ನು ಒಯ್ಯದೆ ಶಕ್ತಿಯನ್ನು ಒಯ್ಯುತ್ತದೆ. ಉಷ್ಣತರಂಗಗಳಿಗೆ ನೀರಾಗಲಿ ಗಾಳಿಯಾಗಲಿ ಬೇಕಿಲ್ಲ. ಸೂರ್ಯನ ಶಕ್ತಿಯು ಬರಿಯ ಆಕಾಶವನ್ನು ದಾಟಿ ಎಂಟು ನಿಮಿಷ ಚಿಲ್ಲರೆಯಲ್ಲಿ ಹೊಲವನ್ನು ಮುಟ್ಟುವುದು ಹೀಗೆಯೇ. 1800ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳ ಶಾಸ್ತ್ರಜ್ಞನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪು ಬಣ್ಣದಾಚೆ ಕಣ್ಣಿಗೆ ಏನೂ ಕಾಣದ ಸ್ಥಳದಲ್ಲಿ ಉಷ್ಣಮಾಪಕವನ್ನಿಡಲು ಅದು ಏರಿತು. ಬೆಳಕಿಗಿಂತ ಉದ್ದವಾದ ಈ ಅದೃಶ್ಯ ತರಂಗಗಳೇ ಒಲೆಯ ಬಾಯಿಯಿಂದ ಮುಖವನ್ನು ಸುಡುವ ತರಂಗಗಳಲ್ಲಿ ಬಹುಪಾಲು.

ವಿಕಿರಣಕ್ಕೆ ಒಂದು ವಿಶೇಷ ನಿಯಮವಿದೆ. 1879ರಲ್ಲಿ ಸ್ಟೆಫಾನ್ ಎಂಬಾತನು ಕಂಡುಕೊಂಡಂತೆ, ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ 273 ಡಿಗ್ರಿ ಕೆಳಗಿನಿಂದ ಎಣಿಸಿದ ಉಷ್ಣತೆಯು ಎರಡು ಪಾಲಾದರೆ ವಿಕಿರಣವು ಹದಿನಾರು ಪಾಲಾಗುತ್ತದೆ. ಇದರ ಪರಿಣಾಮವನ್ನು ಒಲೆಯಲ್ಲಿ ನೋಡಬೇಕು. 1,000 ಡಿಗ್ರಿಯ ಉರಿಯು 800 ಡಿಗ್ರಿಗೆ ಇಳಿದರೆ, ಇಳಿದುದು ಐದರಲ್ಲಿ ಒಂದು ಪಾಲಾದರೂ, ಕೊಪ್ಪರಿಗೆಯ ತಳಕ್ಕೆ ಬೀಳುವ ವಿಕಿರಣವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಸಿ ಸಿಪ್ಪೆಯಿಂದ ಆಗುವ ಹಾನಿಯು ಇದರಲ್ಲಿದೆ. ಒಂದು ಕಿಲೋಗ್ರಾಂ ಹಸಿ ಸಿಪ್ಪೆಯೊಳಗಿನ ಅರ್ಧ ಕಿಲೋಗ್ರಾಂ ನೀರು ತಾನು ಆವಿಯಾಗಲು 300 ಕಿಲೋಕ್ಯಾಲೊರಿಯನ್ನು ನುಂಗುವುದಲ್ಲದೆ, ಉರಿಯನ್ನೇ ತಂಪುಮಾಡಿ ವಿಕಿರಣವನ್ನು ಕುಗ್ಗಿಸುತ್ತದೆ. ಹಾಲು ಕುದಿಯಲು ತಡವಾಗುತ್ತದೆ. ತಡವಾದಷ್ಟೂ ಹಾಲು ಹುಳಿಯಾಗಿ ಬೆಲ್ಲದ ಗುಣವೂ ಕೆಡುತ್ತದೆ.

ಶಾಖವು ಸೋರುವ ದೊಡ್ಡ ದ್ವಾರ

ಒಲೆಯ ಶಾಖವು ಅತಿ ಹೆಚ್ಚಾಗಿ ಸೋರುವುದು ಹೊಗೆಗೂಡಿನಿಂದ. ಒಂದು ಕಿಲೋಗ್ರಾಂ ಒಣ ಸಿಪ್ಪೆಯು ಉರಿಯಲು ಐದಾರು ಕಿಲೋಗ್ರಾಂ ಗಾಳಿಯು ಬೇಕೆಂದರೆ ಅನೇಕರು ನಂಬಲಾರರು. ಆ ಗಾಳಿಯೆಲ್ಲವೂ ತಣ್ಣಗೆ ಒಳಕ್ಕೆ ಬಂದು, ಒಲೆಯ ಖರ್ಚಿನಲ್ಲಿ ಕಾದು ಹೊರಕ್ಕೆ ಹೋಗುತ್ತದೆ. ಹೊಗೆಯು 600 ಡಿಗ್ರಿಯಲ್ಲಿ ಹೊರಟರೆ ಸಿಪ್ಪೆಯ 3,500 ಕಿಲೋಕ್ಯಾಲೊರಿಯಲ್ಲಿ 900ರಷ್ಟು ಅದರೊಡನೆ ಹೋಯಿತು. ಒಲೆಯ ಬಾಯಿಯನ್ನು ಸದಾ ತೆರೆದಿಟ್ಟು ಬೇಕಾದುದಕ್ಕಿಂತ ಎರಡು ಪಾಲು ಗಾಳಿಯು ನುಗ್ಗುವಂತೆ ಮಾಡಿದರೆ ಈ ನಷ್ಟವು 1,600ನ್ನು ಮೀರುತ್ತದೆ. ಹಾಗಲ್ಲದೆ ಗಾಳಿಯನ್ನು ಮಿತಗೊಳಿಸಿ, ಹೊಗೆಯನ್ನು ಇನ್ನೊಂದು ಕೊಪ್ಪರಿಗೆಯ ಕೆಳಗೆ ಹಾಯಿಸಿ 300 ಡಿಗ್ರಿಗೆ ಇಳಿಸಿದರೆ ನಷ್ಟವು 450ರ ಸುಮಾರಿಗೆ ಇಳಿಯುತ್ತದೆ. ಎರಡು, ಮೂರು ಕೊಪ್ಪರಿಗೆಗಳ ಒಲೆಗಳ ಮರ್ಮವೇ ಇದು. 1952ರಲ್ಲಿ ಲಕ್ನೋ ನಗರದಲ್ಲಿ ಸ್ಥಾಪಿತವಾದ ಕಬ್ಬಿನ ಸಂಶೋಧನಾ ಸಂಸ್ಥೆಯು ಇಂತಹ ಒಲೆಗಳನ್ನು ರೂಪಿಸಿದೆ. ಹಿಂದಿನ ಕೊಪ್ಪರಿಗೆಯಲ್ಲಿ ಹೊಸ ಹಾಲು ಹೊಗೆಯ ಶಾಖದಿಂದಲೇ ಕಾಯುತ್ತಿರಲು, ಮುಂದಿನ ಕೊಪ್ಪರಿಗೆಯ ಉರಿಯು ಬತ್ತಿಸುವ ಕೆಲಸಕ್ಕೆ ಮೀಸಲಾಗುತ್ತದೆ. ಆದರೆ ಗಾಳಿಯು ಬೇಕಾದುದಕ್ಕಿಂತ ಕಡಿಮೆಯಾದರೂ ಹಾನಿಯೇ. ಗೂಡಿನಿಂದ ಕಪ್ಪು ಹೊಗೆಯು ಬರುವುದೆಂದರೆ ಉರಿಯದ ಸಿಪ್ಪೆಯೇ ಮಸಿಯಾಗಿ ಆಕಾಶಕ್ಕೆ ಹಾರುತ್ತಿದೆಯೆಂದು ಅರ್ಥ.

ರೈತರು ಅನುಸರಿಸಬೇಕಾದ ಕ್ರಮಗಳು

1. ಸಿಪ್ಪೆಯನ್ನು ತೆಳ್ಳಗೆ ಹರಡಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಒಣಗಿದುದನ್ನು ಮಂಜು, ಮಳೆಗಳು ಸೋಕದಂತೆ ಮೆದೆ ಹಾಕಬೇಕು. ಬಿಸಿಲು ಕ್ರಯವಿಲ್ಲದೆ ಮಾಡಿಕೊಡುವ ಕೆಲಸವನ್ನು ಒಲೆಯಿಂದ ಮಾಡಿಸಬಾರದು.

2. ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವಾಗಿ, ಸಮನಾದ ವೇಳೆಗೆ ಹಾಕಬೇಕು. ಒಂದೇ ಸಲ ತುರುಕಿದರೆ ಮೊದಲು ಉರಿಯು ಉಸಿರುಗಟ್ಟಿ ಹೊಗೆಯಾಗುತ್ತದೆ. ಬಳಿಕ ಉರಿ ಹಾರಿ ತಣ್ಣನೆಯ ಗಾಳಿಯು ನುಗ್ಗುತ್ತದೆ.

3. ಒಲೆಯ ಬಾಯಿಗೆ ತಗಡಿನ ಮುಚ್ಚಳವಿರಬೇಕು. ಗಾಳಿಯು ಕೆಳಗಿನಿಂದ, ಕಬ್ಬಿಣದ ಸರಳುಗಳ ಜಾಲರಿಯ ಮೂಲಕ ಬರುವಂತೆ ಮಾಡಿ, ಜಾಲರಿಯಲ್ಲಿ ಬೂದಿ ಕಟ್ಟದಂತೆ ನೋಡಿಕೊಳ್ಳಬೇಕು. ಮುಚ್ಚಳವು ವಿಕಿರಣವನ್ನು ತಡೆದು ಉರಿ ಹಾಕುವವನ ಕಣ್ಣು ಮುಖಗಳನ್ನೂ ಕಾಪಾಡುತ್ತದೆ.

4. ಕೊಪ್ಪರಿಗೆಗೂ ಒಲೆಯ ಅಂಚಿಗೂ ನಡುವೆ ಸಂದುಗಳಿದ್ದರೆ ಮಣ್ಣಿನಿಂದ ಮೆತ್ತಬೇಕು. ತಳದ ಮಸಿಯನ್ನು ಕ್ರಮವಾಗಿ ಕೆರೆದು ತೆಗೆಯಬೇಕು.

5. ಹೊಸದಾಗಿ ಒಲೆ ಕಟ್ಟುವವರು ಹೊಗೆಯ ದಾರಿಯಲ್ಲಿ ಎರಡನೆಯ ಕೊಪ್ಪರಿಗೆಗೆ ಸ್ಥಳವನ್ನಿರಿಸಬೇಕು. ನೆಲವು ಜಿನುಗದ ಎತ್ತರದ ಸ್ಥಳವನ್ನು ಆರಿಸಬೇಕು.

6. ಹದವನ್ನು ಉಷ್ಣಮಾಪಕದಿಂದ ಪರೀಕ್ಷಿಸುವುದಾದರೆ, ಸಮುದ್ರಮಟ್ಟದಲ್ಲಿ 118 ಡಿಗ್ರಿಯ ಸುಮಾರಿಗೆ ಅಚ್ಚಿನ ಬೆಲ್ಲದ ಹದವು ಬರುತ್ತದೆ. ಎತ್ತರದ ಸ್ಥಳಗಳಲ್ಲಿ ನೀರು ಬೇಗ ಕುದಿಯುತ್ತದೆ. ಮೈಸೂರಿನ ಎತ್ತರದಲ್ಲಿ ಸುಮಾರು 97½ ಡಿಗ್ರಿಗೇ ಕುದಿಯುವುದು. ಆದುದರಿಂದ ಮೊದಲು ತಮ್ಮ ಊರಿನಲ್ಲಿ ಶುದ್ಧವಾದ ನೀರು ಎಷ್ಟಕ್ಕೆ ಕುದಿಯುವುದೆಂದು ನೋಡಿಕೊಂಡು, ಅದಕ್ಕೆ 18 ಡಿಗ್ರಿಯನ್ನು ಸೇರಿಸಿ ಹದವನ್ನು ಗೊತ್ತುಮಾಡಿಕೊಳ್ಳಬೇಕು.

7. ಸಿಪ್ಪೆ ಸಾಲದೆಂದು ಹಳೆಯ ಟೈರು, ಪ್ಲಾಸ್ಟಿಕ್ ಮುಂತಾದವುಗಳನ್ನು ಉರಿಸುವ ಅಭ್ಯಾಸವು ಸರ್ವಥಾ ಕೂಡದು. ಅವುಗಳ ಹೊಗೆಯು ಆಳುಗಳ ಶ್ವಾಸಕ್ಕೆ ವಿಷ. ಅವುಗಳ ಮಸಿಯು ಕೊಪ್ಪರಿಗೆಯ ತಳಕ್ಕೆ ದಪ್ಪನಾದ ಕಂಬಳಿ.

ಮೇಲಿನ ಕ್ರಮಗಳಲ್ಲಿ ಐದನೆಯದನ್ನು ಬಿಟ್ಟರೆ ಉಳಿದವಕ್ಕೆ ಹೆಚ್ಚು ಹಣವು ಬೇಕಿಲ್ಲ. ಬಿಸಿಲು, ಮಣ್ಣು, ಒಂದು ತುಂಡು ತಗಡು, ಮತ್ತು ಉರಿಯ ಮುಂದೆ ಕುಳಿತವನ ಗಮನ, ಇಷ್ಟೇ ಸಾಕು. ಫಲಿತಾಂಶವನ್ನು ರೈತರು ತಾವೇ ಪರೀಕ್ಷಿಸಬಹುದು. ಒಂದು ಕೊಪ್ಪರಿಗೆ ಹಾಲಿಗೆ ಉರಿದ ಸಿಪ್ಪೆಯನ್ನು ಈ ವಾರ ತೂಗಿ ಬರೆದಿಟ್ಟುಕೊಂಡು, ತಿದ್ದುಪಾಟುಗಳನ್ನು ಮಾಡಿದ ಮೇಲೆ ಅಷ್ಟೇ ಹಾಲಿಗೆ ಉರಿದುದನ್ನು ಮತ್ತೆ ತೂಗಿ ನೋಡತಕ್ಕದ್ದು. ಉಳಿದ ಸಿಪ್ಪೆಯು ಸಗಣಿಯೊಡನೆ ಗುಂಡಿಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಉಳಿದ ತರಗು ಕೂಳೆ ಕಬ್ಬಿನ ಸಾಲುಗಳ ಮೇಲೆ ಹಾಸಾಗಿ ನೆಲದ ತೇವವನ್ನು ಕಾಯುತ್ತದೆ. ಕೊಳ್ಳದೆ ಉಳಿದ ಸೌದೆಯು ಊರ ಗೋಮಾಳದಲ್ಲಿ ಮರವಾಗಿಯೇ ನಿಲ್ಲುತ್ತದೆ.